ಉಡುಪಿಯ ಒಂದು ಅಡುಗೆಮನೆಯ ಲೆಕ್ಕ: ನನ್ನ ಅನುಭವ

ಕರಾವಳಿಯ ಮಧ್ಯಮ ವರ್ಗದ ಮನೆಗಳಿಗೆ ಜೂನ್ ತಿಂಗಳಷ್ಟು ಕಠಿಣವಾದ ತಿಂಗಳು ಇನ್ನೊಂದಿಲ್ಲ. ಶಾಲೆಯ ಶುಲ್ಕ, ಸಮವಸ್ತ್ರ, ಕೊಡೆ, ಮಾಡಿನ ದುರಸ್ತಿ ಎಲ್ಲವೂ ಒಂದೇ ಹದಿನೈದು ದಿನಗಳಲ್ಲಿ ಬಂದು ನಿಲ್ಲುತ್ತವೆ. ಮೂರು ವರ್ಷಗಳ ಹಿಂದೆ ಅಂಥ ಒಂದು ಜೂನ್‌ನಲ್ಲಿ ನನ್ನ ಸಂಬಳವೂ ತಡವಾಗಿ, ತಿಂಗಳ ಕೊನೆಯ ವಾರಕ್ಕೆ ದಿನಸಿ ತರಲು ಪತ್ನಿಯ ಬಳಿ ಕೈಚಾಚಬೇಕಾಯಿತು. ಆಕೆ ಆಸ್ಪತ್ರೆಯಲ್ಲಿ ಪಾಳಿಯ ಮೇಲೆ ದುಡಿಯುವ ದಾದಿಯಾದ್ದರಿಂದ ನಮ್ಮ ಮನೆಯಲ್ಲಿ ಅಡುಗೆಯೂ ಸಾಮಾನು ತರುವುದೂ ಹೆಚ್ಚಾಗಿ ನನ್ನ ಪಾಲಿನ ಕೆಲಸ. ಆದರೂ ಊಟಕ್ಕೆಂದು ತಿಂಗಳಿಗೆ ಎಷ್ಟು ಖರ್ಚಾಗುತ್ತದೆ ಎಂದು ಆಕೆ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಮರುದಿನವೇ ಮಕ್ಕಳ ಹಳೆಯ ನೋಟುಪುಸ್ತಕವೊಂದರ ಉಳಿದ ಹಾಳೆಗಳಲ್ಲಿ ಬರೆಯತೊಡಗಿದೆ.

ಅಮ್ಮ, ನಾವಿಬ್ಬರು, ಇಬ್ಬರು ಮಕ್ಕಳು ಸೇರಿ ಐವರ ಮನೆ ನಮ್ಮದು. ಮೊದಲ ಪೂರ್ಣ ತಿಂಗಳ ಮೊತ್ತ 17,200 ರೂಪಾಯಿ. ಅಕ್ಕಿ, ಬೇಳೆ, ಎಣ್ಣೆ, ಸಂಬಾರ ಪದಾರ್ಥಗಳೇ ದೊಡ್ಡ ಖರ್ಚು ಎಂದು ನಾನು ತಿಳಿದಿದ್ದೆ, ಆದರೆ ಅವಕ್ಕೆ ಹೋದದ್ದು 4,500. ಮೀನು, ಕೋಳಿಗೆ 4,600, ತರಕಾರಿಗೆ 2,900, ಹಾಲು, ಮೊಟ್ಟೆಗೆ 2,300, ತೆಂಗಿನಕಾಯಿಗೆ 1,000 ಹೋಗಿದ್ದವು. ಉಳಿದ 1,900 ರೂಪಾಯಿ ಬಿಸ್ಕತ್ತು, ಬೇಕರಿ ತಿಂಡಿ, ಪೊಟ್ಟಣದ ಮಸಾಲೆ ಪುಡಿ, ಬಾಟಲಿಯ ಸಾಸ್‌ಗಳಿಗೆ ಸಂದಿತ್ತು. ಇವುಗಳ ಪಕ್ಕದಲ್ಲೇ, ಪತ್ನಿಯ ಸಲಹೆಯಂತೆ, ‘ಚೆಲ್ಲಿದ್ದು’ ಎಂಬ ಇನ್ನೊಂದು ಸಾಲನ್ನೂ ಬರೆಯುತ್ತಿದ್ದೆ. ನನ್ನ ಕಣ್ಣು ತೆರೆಸಿದ್ದು ಆ ಸಾಲು. ಹಳಸಿದ ಅನ್ನ, ಲೋಳೆಯಾದ ಕೊತ್ತಂಬರಿ ಸೊಪ್ಪು, ಫ್ರಿಜ್ಜಿನ ತಳದಲ್ಲಿ ಕೊಳೆತ ಬೀನ್ಸ್, ಕೆಟ್ಟುಹೋದ ತೆಂಗಿನಕಾಯಿಯ ಕಡಿ, ಹುಳ ಹಿಡಿದ ತೊಗರಿಬೇಳೆ, ಹೀಗೆ ದಿನಕ್ಕೆ ಒಂದಾದರೂ ಅಲ್ಲಿ ಸೇರುತ್ತಿತ್ತು. ಅಗ್ಗದ ಅಂಗಡಿ ಹುಡುಕುವ ಮೊದಲು, ತಂದದ್ದನ್ನು ಪೂರ್ತಿ ಉಣ್ಣುವುದನ್ನು ನಾನು ಕಲಿಯಬೇಕಿತ್ತು.

ಆದರೆ ಮೊದಲು ಮಾಡಿದ್ದು ತಪ್ಪು ಕೆಲಸ. ಉಳಿತಾಯವೆಂದರೆ ಕಡಿತವೆಂದು ಭಾವಿಸಿ, ಮೂರು ವಾರ ಮೀನು, ಮೊಟ್ಟೆ ನಿಲ್ಲಿಸಿ ಗಂಜಿ, ಚಟ್ನಿ, ತಿಳಿಸಾರುಗಳಲ್ಲೇ ಮನೆ ನಡೆಸಿದೆ. ದಿನಸಿಯ ಮೊತ್ತ ಇಳಿಯಿತು, ಆದರೆ ಶಾಲೆಯಿಂದ ಹಸಿದು ಬರುವ ಮಕ್ಕಳು ಸಂಜೆ ಗೋಳಿಬಜೆ, ಪಫ್ಸ್ ಎಂದು ಕೇಳತೊಡಗಿದರು. ರಾತ್ರಿ ಪಾಳಿ ಮುಗಿಸಿ ಬಂದ ಪತ್ನಿ ಹೊಟ್ಟೆ ತುಂಬದೆ ಮಲಗಿದ ದಿನಗಳೂ ಇದ್ದವು. ಬೇಕರಿಯ ಸಾಲು ದುಪ್ಪಟ್ಟಾಯಿತು. ಆ ಬಳಿಕ ಹಾಲು, ಮೊಸರು, ಮೊಟ್ಟೆ, ಕಾಳುಗಳನ್ನು ಮುಟ್ಟಬಾರದೆಂದು ನಿರ್ಧರಿಸಿದೆ. ಇಂದಿಗೂ ಹಾಲು, ಮೊಟ್ಟೆಯ ಖರ್ಚು ಆಗಿನದಕ್ಕಿಂತ ನೂರು ರೂಪಾಯಿ ಹೆಚ್ಚೇ ಇದೆ, ಮತ್ತು ಅದು ಹಾಗೆಯೇ ಇರಬೇಕೆಂಬುದು ನನ್ನ ಅಭಿಪ್ರಾಯ.

ದಾರಿ ತೋರಿಸಿದ್ದು ಅಮ್ಮನ ಒಂದು ಪ್ರಶ್ನೆ. ಸೂಪರ್ ಮಾರ್ಕೆಟಿನಿಂದ ತಂದ ಹೂಕೋಸು, ಕ್ಯಾಪ್ಸಿಕಂ, ಬೀನ್ಸ್‌ಗಳನ್ನು ನೋಡಿ, ‘ಈ ಮಳೆಗೆ ಇದು ಎಷ್ಟು ದಿನ ನಿಲ್ಲುತ್ತದೆ?’ ಎಂದು ಕೇಳಿದರು. ಘಟ್ಟದ ಮೇಲಿನಿಂದ ಬರುವ ಎಳೆಯ ತರಕಾರಿ ನಮ್ಮ ಸೆಕೆಗೂ ತೇವಕ್ಕೂ ಎರಡು ಮೂರು ದಿನಗಳಲ್ಲಿ ಬಾಡುತ್ತದೆ, ಲಾರಿಯ ಬಾಡಿಗೆಯನ್ನೂ ಹೊತ್ತು ಬಂದಿರುತ್ತದೆ. ನಮ್ಮ ಊರಿನ ಹಿರಿಯರು ಆಯ್ದುಕೊಂಡದ್ದು ತಡೆದು ನಿಲ್ಲುವ ತರಕಾರಿಗಳನ್ನು. ಅವುಗಳಲ್ಲಿ ಮೊದಲನೆಯದು ಸೌತೆ, ಹೊರಗಿನವರು ಮಂಗಳೂರು ಸೌತೆಯೆಂದು ಕರೆಯುವ ಹಳದಿ ಪಟ್ಟೆಯ ಸಾಂಬಾರು ಸೌತೆ. ಚೆನ್ನಾಗಿ ಬಲಿತ, ಪೆಟ್ಟು ಬೀಳದ ಸೌತೆಯನ್ನು ಬಾಳೆಯ ನಾರಿನಲ್ಲಿ ಕಟ್ಟಿ ಗಾಳಿಯಾಡುವ ಕಡೆ ಮಾಡಿನ ಪಕ್ಕಾಸಿಗೆ (ಅಡ್ಡಮರಕ್ಕೆ) ತೂಗಹಾಕಿದರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಒಂದಕ್ಕೊಂದು ತಾಗದಂತೆ ಕಟ್ಟುವುದು ಮುಖ್ಯ. ಒಂದು ಕೊಳೆತರೆ ಪಕ್ಕದ್ದನ್ನೂ ಕೆಡಿಸುತ್ತದೆ.

ಈಗ ನಾನು ಏಪ್ರಿಲ್‌, ಮೇ ತಿಂಗಳಲ್ಲಿ ಆದಿ ಉಡುಪಿಯ ವಾರದ ಸಂತೆಗೆ ಹೋಗಿ, ಬೆಲೆ ಇಳಿದ ವಾರ ನೋಡಿ, ಇಪ್ಪತ್ತು ಇಪ್ಪತ್ತೈದು ಸೌತೆಗಳನ್ನು ಒಮ್ಮೆಗೇ ತರುತ್ತೇನೆ. ಒಂದು ಸೌತೆಯನ್ನು ಒಂದೇ ಪದಾರ್ಥಕ್ಕೆ ಬಳಸುವುದು ನಷ್ಟವೆಂದು ತಿಳಿಯಲು ನನಗೆ ಒಂದು ವರ್ಷ ಬೇಕಾಯಿತು. ಹೋಳುಗಳು ಹುಳಿಗೆ ಅಥವಾ ಹುರುಳಿಯೊಂದಿಗೆ ಕಾಯಿ ರುಬ್ಬಿ ಮಾಡುವ ಗಟ್ಟಿ ಪದಾರ್ಥವಾದ ಗಸಿಗೆ ಹೋಗುತ್ತವೆ. ತಿರುಳು ಮರುದಿನದ ದೋಸೆಯ ಹಿಟ್ಟಿಗೆ ಸೇರಿ ದೋಸೆಯನ್ನು ಮೆದುವಾಗಿಸುತ್ತದೆ. ಬೀಜಗಳನ್ನು ನೀರು ಹಾಕಿ ರುಬ್ಬಿ, ಸೋಸಿ, ಮೆಣಸು, ಹುಳಿ ಸೇರಿಸಿ ಕುದಿಸಿದರೆ ಹಾಲು ಬಣ್ಣದ ಸಾರಾಗುತ್ತದೆ. ಸಿಪ್ಪೆಯನ್ನು ಎಣ್ಣೆಯಲ್ಲಿ ಬಾಡಿಸಿ, ಸ್ವಲ್ಪ ತೆಂಗಿನ ತುರಿಯೊಂದಿಗೆ ರುಬ್ಬಿದರೆ ಚಟ್ನಿ. ಕಹಿಯಿದೆಯೇ ಎಂದು ಮೊದಲೇ ಒಂದು ತುಂಡು ಬಾಯಿಗೆ ಹಾಕಿ ನೋಡಬೇಕು. ಕಹಿಯಾದುದನ್ನು ಬಿಸಾಡಬೇಕೇ ಹೊರತು ಬೆಲ್ಲ ಹಾಕಿ ಸರಿಪಡಿಸಲು ಹೋಗಬಾರದು.

ಮೀನಿನ ವಿಷಯದಲ್ಲಿ ಬದಲಾದದ್ದು ಜಾತಿ, ಪ್ರಮಾಣವಲ್ಲ. ಮನೆಗೆ ಯಾರು ಬಂದರೂ ಅಂಜಲ್ ಅಥವಾ ಪಾಂಫ್ರೆಟ್ ಆಗಬೇಕೆಂಬ ಅಭ್ಯಾಸ ನಮ್ಮಲ್ಲಿ ಯಾವಾಗಲೋ ಬೆಳೆದಿತ್ತು. ಅಂಜಲಿನ ಒಂದು ಕಿಲೋ ಬೆಲೆಗೆ ಹಲವು ಕಿಲೋ ಬೂತಾಯಿ ಬರುತ್ತದೆ, ಮತ್ತು ಹೃದಯಕ್ಕೆ ಒಳ್ಳೆಯದೆಂದು ವೈದ್ಯರು ಹೇಳುವ ಒಮೆಗಾ-3 ಕೊಬ್ಬು ಬೂತಾಯಿ, ಬಂಗುಡೆಗಳಲ್ಲಿ ಯಥೇಚ್ಛವಾಗಿದೆ. ಮಲ್ಪೆ ಬಂದರಿನಲ್ಲಿ ದೋಣಿಗಳು ತುಂಬಿ ಬಂದ ದಿನ ಬೂತಾಯಿಯ ಬೆಲೆ ಕುಸಿಯುತ್ತದೆ. ಅಂಥ ದಿನ ಎರಡು ಕಿಲೋ ತಂದು ಮೂರು ಪಾಲು ಮಾಡುತ್ತೇನೆ. ಒಂದು ಪಾಲು ಅಂದಿನ ಗಸಿಗೆ, ಇನ್ನೊಂದು ಕಡಿಮೆ ಎಣ್ಣೆಯಲ್ಲಿ ಕಾವಲಿಯ ಮೇಲೆ ಹುರಿಯಲು, ಮೂರನೆಯದು ಮಣ್ಣಿನ ಚಟ್ಟಿಯಲ್ಲಿ ಪುಳಿಮುಂಚಿಗೆ. ಹುಳಿ, ಮೆಣಸು, ಉಪ್ಪು ಮುಂದಾಗಿರುವ ಈ ಪದಾರ್ಥಕ್ಕೆ ತೆಂಗಿನಕಾಯಿಯೇ ಬೇಡ, ಮತ್ತು ಮರುದಿನ ಬೆಳಿಗ್ಗೆ ಗಂಜಿಯೊಂದಿಗೆ ಅದರ ರುಚಿ ಹೆಚ್ಚುತ್ತದೆ. ಮುಳ್ಳೆಂದು ಮೂಗು ಮುರಿಯುತ್ತಿದ್ದ ಸಣ್ಣ ಮಗಳಿಗೆ ಅಮ್ಮ ಬೆನ್ನಿನ ಮುಳ್ಳನ್ನು ಒಟ್ಟಿಗೇ ಎಳೆದು ತೆಗೆಯುವುದನ್ನು ಕಲಿಸಿದರು. ಈಗ ಅವಳೇ ನಮಗಿಂತ ಬೇಗ ಊಟ ಮುಗಿಸುತ್ತಾಳೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ನಿಷೇಧವಿರುವ 61 ದಿನಗಳಲ್ಲಿ ಹಸಿಮೀನಿಗೆ ದುಪ್ಪಟ್ಟು ಕೊಡುವುದನ್ನು ಬಿಟ್ಟಿದ್ದೇವೆ. ಬೇಸಗೆಯಲ್ಲೇ ತಂದು ಮತ್ತೊಮ್ಮೆ ಬಿಸಿಲಿಗೆ ಹಾಕಿಟ್ಟ ಒಣಮೀನಿನ ಚಟ್ನಿ ವಾರಕ್ಕೊಮ್ಮೆ, ಉಳಿದ ದಿನ ಕಾಳು ಮತ್ತು ಮೊಟ್ಟೆ. ಮೀನಿನ ಖರ್ಚು ವರ್ಷದ ಸರಾಸರಿಯಲ್ಲಿ ತಿಂಗಳಿಗೆ 2,700ಕ್ಕೆ ಇಳಿದಿದೆ.

ಕಾಳುಗಳಲ್ಲಿ ಹುರುಳಿಗೆ ನಾನು ಋಣಿ. ನೂರು ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ, ತೊಗರಿಬೇಳೆಗೆ ಇದು ಯಾವ ರೀತಿಯಲ್ಲೂ ಕಡಿಮೆಯಲ್ಲ. ರಾತ್ರಿ ನೆನೆಸಿ ಬೆಳಿಗ್ಗೆ ಬೇಯಿಸಿದರೆ ಕಟ್ಟು ಸಾರಿಗೂ ಕಾಳು ಪಲ್ಯಕ್ಕೂ ಆಗಿ ಒಂದು ದಿನದ ಎರಡು ಪದಾರ್ಥಗಳು ಒಂದೇ ಕುಕ್ಕರಿನಲ್ಲಿ ಮುಗಿಯುತ್ತವೆ. ಬಸಳೆಯೊಂದಿಗೆ ಹಲಸಿನ ಬೀಜ, ಸೌತೆಯೊಂದಿಗೆ ಅಲಸಂಡೆ ಕಾಳು, ಹರಿವೆಯ ದಂಟಿನೊಂದಿಗೆ ಹೆಸರುಕಾಳು ಎಂಬ ಜೋಡಿಗಳೂ ಹೀಗೆಯೇ ತರಕಾರಿಯ ಖರ್ಚನ್ನು ತಗ್ಗಿಸಿ ಊಟವನ್ನು ಗಟ್ಟಿಯಾಗಿಸುತ್ತವೆ. ಬಸಳೆಯನ್ನು ಕೊಳ್ಳುವುದನ್ನಂತೂ ಪೂರ್ತಿ ನಿಲ್ಲಿಸಿದ್ದೇವೆ. ಸಂತೆಯಿಂದ ತಂದ ಕಟ್ಟಿನ ದಪ್ಪ ದಂಟುಗಳನ್ನೇ ಮೂರು ಗೋಣಿಗಳಲ್ಲಿ ಊರಿದ್ದೆ. ಬಾಡಿಗೆ ಮನೆಯ ಹಿಂದಿನ ಎರಡು ಮಾರು ಜಾಗದಲ್ಲಿ ಅದು ಚಪ್ಪರವಾಗಿ ವಾರಕ್ಕೊಮ್ಮೆ ಕೊಯ್ಯಲು ಸಿಗುತ್ತದೆ.

ತೆಂಗಿನಕಾಯಿ ಇಲ್ಲದ ಅಡುಗೆಯನ್ನು ನಾವು ಅಡುಗೆಯೆಂದೇ ಕರೆಯುವುದಿಲ್ಲ, ಹಾಗಾಗಿ ಈ ಸಾಲನ್ನು ಇಳಿಸುವುದು ಕಷ್ಟವಾಯಿತು. ಮೊದಲು ವಾರದ ಅಡುಗೆಯ ಪಟ್ಟಿಯನ್ನು ಕಾಯಿಯ ಲೆಕ್ಕದಲ್ಲೇ ಹಾಕಿದೆ. ರುಬ್ಬಿ ಮಾಡುವ ಹುಳಿ ಅಥವಾ ಗಸಿಯ ಮರುದಿನ ಕಾಯಿ ಬೇಡದ ಬೋಳುಹುಳಿ ಅಥವಾ ಸಾರು ಬರಬೇಕು. ಒಡೆದ ಕಾಯಿಯ ಎರಡನೆಯ ಕಡಿ ಅದೇ ದಿನ ಅಥವಾ ಮರುದಿನ ಬೆಳಗಿನ ಚಟ್ನಿಯಲ್ಲಿ ಮುಗಿಯಬೇಕು. ಬ್ರಹ್ಮಾವರದ ಕಡೆಯ ಬಂಧುಗಳ ತೋಟದಿಂದ ಸುಲಿಯದ ಕಾಯಿಗಳನ್ನೇ ಮೂರು ತಿಂಗಳಿಗೊಮ್ಮೆ ತರುತ್ತೇನೆ. ಸಿಪ್ಪೆಯ ಸಹಿತ ಇಟ್ಟರೆ ಕಾಯಿ ತಿಂಗಳುಗಟ್ಟಲೆ ಕೆಡುವುದಿಲ್ಲ, ಸಿಪ್ಪೆ ಬಚ್ಚಲ ಒಲೆಗೆ ಆಗುತ್ತದೆ. ಕಳೆದ ವರ್ಷ ಕಾಯಿಯ ಬೆಲೆ ಏರಿದಾಗಲೂ ನಮ್ಮ ಚಟ್ನಿ ನೀರಾಗಲಿಲ್ಲ.

ಒಟ್ಟಿಗೆ ಕೊಂಡರೆ ಅಗ್ಗವೆಂಬ ಮಾತನ್ನು ನಂಬಿ ಕೈಸುಟ್ಟುಕೊಂಡದ್ದನ್ನೂ ಹೇಳಬೇಕು. ಮೊದಲ ವರ್ಷ ಜೂನ್ ಮಧ್ಯದಲ್ಲಿ ಐದು ಕಿಲೋ ಬ್ಯಾಡಗಿ ಮೆಣಸು, ಹತ್ತು ಕಿಲೋ ತೊಗರಿಬೇಳೆ, ಆರು ಕಿಲೋ ಅವಲಕ್ಕಿ ತಂದೆ. ಜುಲೈ ಮುಗಿಯುವಷ್ಟರಲ್ಲಿ ಮೆಣಸಿಗೆ ಬೂಷ್ಟು ಬಂದಿತ್ತು, ಅವಲಕ್ಕಿ ಮುಗ್ಗಲು ವಾಸನೆ ಹೊಡೆಯುತ್ತಿತ್ತು, ಬೇಳೆಯಲ್ಲಿ ಹುಳ ಹರಿದಾಡುತ್ತಿತ್ತು. ಬೂಷ್ಟು ಹಿಡಿದ ಮೆಣಸನ್ನು ಒಣಗಿಸಿ ಬಳಸುವುದು ಆರೋಗ್ಯಕ್ಕೆ ಅಪಾಯಕಾರಿಯಾದ್ದರಿಂದ ಅಷ್ಟನ್ನೂ ಎಸೆದೆವು. ಈಗ ಮೆಣಸು, ಕೊತ್ತಂಬರಿ ಬೀಜ, ಹುಣಸೆಹುಳಿಗಳನ್ನು ಏಪ್ರಿಲ್‌ನಲ್ಲಿ ತಂದು, ನಾಲ್ಕು ದಿನ ಗರಿಗರಿಯಾಗಿ ಒಣಗಿಸಿ, ಬಿಸಿ ಆರಿದ ಮೇಲೆ ಡಬ್ಬಿಗೆ ತುಂಬಿ, ಮುಚ್ಚಳದ ಸುತ್ತ ಬಟ್ಟೆ ಬಿಗಿಯುತ್ತೇವೆ. ಬೇಳೆ, ಅವಲಕ್ಕಿ, ರವೆಗಳನ್ನು ಮಳೆಗಾಲದಲ್ಲಿ ಎರಡು ವಾರಕ್ಕೆ ಬೇಕಾದಷ್ಟೇ ತರುತ್ತೇವೆ. ಸಾರಿನ ಪುಡಿಯನ್ನು ಮನೆಯಲ್ಲೇ ಹುರಿದು, ತಿಂಗಳಿಗೆ ಸಾಕಾಗುವಷ್ಟು ಪುಡಿಮಾಡುತ್ತೇವೆ.

ಬೆಳಗಿನ ತಿಂಡಿಯಲ್ಲಿ ಉದ್ದಿನ ಖರ್ಚು ತಗ್ಗಿಸಿದ್ದು ನೀರುದೋಸೆ ಮತ್ತು ಪುಂಡಿ ಎಂಬ ಅಕ್ಕಿಯ ಕಡುಬು. ಎರಡಕ್ಕೂ ಅಕ್ಕಿ, ಉಪ್ಪು, ಸ್ವಲ್ಪ ಕಾಯಿ ಸಾಕು. ಹಿಂದಿನ ದಿನದ ಕುಚ್ಚಲಕ್ಕಿ ಅನ್ನ ಒಂದು ಬಟ್ಟಲು ಉಳಿದರೆ ಉದ್ದಿನ ದೋಸೆಯ ಹಿಟ್ಟಿಗೆ ಅವಲಕ್ಕಿಯ ಬದಲು ಅದನ್ನೇ ಸೇರಿಸಿ ರುಬ್ಬುತ್ತೇನೆ.

ಕುಚ್ಚಲಕ್ಕಿಯನ್ನು ಬಿಟ್ಟು ಬೆಳ್ತಿಗೆಗೆ (ಭತ್ತ ಕುದಿಸದೆ ಮಾಡಿದ ಬಿಳಿ ಅಕ್ಕಿಗೆ) ಹೋದರೆ ಗ್ಯಾಸ್ ಉಳಿಯುತ್ತದೆ ಎಂದು ಕೆಲವು ಗೆಳೆಯರು ಹೇಳಿದ್ದರು. ಆದರೆ ಕುಚ್ಚಲಕ್ಕಿಗಾಗಿ ಭತ್ತವನ್ನು ಕುದಿಸುವಾಗ ತವುಡಿನಲ್ಲಿರುವ ಬಿ ವಿಟಮಿನ್‌ಗಳ ಒಂದು ಭಾಗ ಅಕ್ಕಿಯೊಳಕ್ಕೆ ಇಳಿಯುತ್ತದೆ. ಅಮ್ಮನಿಗೆ ಗಂಜಿಯ ತಿಳಿಯಿಲ್ಲದೆ ದಿನ ಆರಂಭವಾಗುವುದೂ ಇಲ್ಲ. ಹಾಗಾಗಿ ಅಕ್ಕಿಯನ್ನು ಬದಲಿಸದೆ, ಬೇಯಿಸುವ ಕ್ರಮವನ್ನು ಬದಲಿಸಿದೆ. ರಾತ್ರಿ ನೆನೆಸಿಟ್ಟ ಅಕ್ಕಿಯನ್ನು ಇಪ್ಪತ್ತು ನಿಮಿಷ ಕುದಿಸಿ, ಪಾತ್ರೆಯನ್ನು ಶಾಖ ಹಿಡಿದಿಡುವ ಥರ್ಮಲ್ ಕುಕ್ಕರಿನೊಳಗೆ ಇಳಿಸಿ ಒಂದೂವರೆ ಗಂಟೆ ಬಿಟ್ಟರೆ ಅನ್ನ ಹೂವಿನಂತೆ ಅರಳುತ್ತದೆ. 27 ದಿನ ಬರುತ್ತಿದ್ದ 14.2 ಕಿಲೋ ಸಿಲಿಂಡರ್ ಈಗ 38 ದಿನ ಬರುತ್ತದೆ.

ಕಳೆದ ಮೂರು ತಿಂಗಳಲ್ಲಿ ಊಟದ ಖರ್ಚಿನ ಸರಾಸರಿ ತಿಂಗಳಿಗೆ 11,700 ರೂಪಾಯಿ. ಟೊಮೆಟೊ ಮತ್ತು ಈರುಳ್ಳಿಯ ಬೆಲೆ ಏರಿದಾಗ ಏನು ಮಾಡಬೇಕೆಂಬುದನ್ನು ಭಾಗಶಃ ಮಾತ್ರ ಬಗೆಹರಿಸಿಕೊಂಡಿದ್ದೇನೆ. ಟೊಮೆಟೊ ಬದಲು ಹುಳಿ ರುಚಿಯ ಬಿಂಬುಳಿಯೂ ಪುನರ್ಪುಳಿಯೂ ಆಗುತ್ತವೆ, ಈರುಳ್ಳಿಗೆ ಬದಲಿಯಿಲ್ಲ. ಮಕ್ಕಳ ಬಿಸ್ಕತ್ತನ್ನು ಪೂರ್ತಿ ನಿಲ್ಲಿಸಿಲ್ಲ, ನಿಲ್ಲಿಸುವ ಇಚ್ಛೆಯೂ ಇಲ್ಲ. ಸಂಜೆಗೆ ಸಾಂತಾಣಿ ಇದ್ದರೆ ಅವರೇ ಬಿಸ್ಕತ್ತಿನ ಡಬ್ಬಿಯ ಕಡೆ ಹೋಗುವುದಿಲ್ಲ. ಹಲಸಿನ ಬೀಜವನ್ನು ಉಪ್ಪುನೀರಿನಲ್ಲಿ ಬೇಯಿಸಿ ಬಿಸಿಲಿಗೆ ಒಣಗಿಸುವ ಈ ತಿಂಡಿಗೆ ಖರ್ಚಾಗುವುದು ಉಪ್ಪು ಮಾತ್ರ.

ಈ ಸಲ ಮೇ ಕೊನೆಯಲ್ಲಿ ನೆರೆಮನೆಯವರು ಕೊಟ್ಟ ಎರಡು ಹಲಸಿನಕಾಯಿಗಳನ್ನು ಅಮ್ಮನೂ ನಾನೂ ಕುಳಿತು ಬಿಡಿಸಿದೆವು. ಬಲಿತ ಸೊಳೆಗಳನ್ನು ಉಪ್ಪಿನೊಂದಿಗೆ ಭರಣಿಗೆ ತುಂಬಿ, ಮೇಲೆ ಕಲ್ಲು ಹೇರಿ, ಬಾಯಿ ಕಟ್ಟಿಟ್ಟೆವು. ತುಳುವಿನಲ್ಲಿ ಇದನ್ನು ಉಪ್ಪಡ್ ಪಚ್ಚಿಲ್ ಎನ್ನುತ್ತಾರೆ. ಹಿಂದೆ ತುಳುವರ ಮಳೆಗಾಲದ ಆಟಿ ತಿಂಗಳಲ್ಲಿ ಗದ್ದೆಯ ಕೆಲಸ ಮುಗಿದು, ಕಣಜ ಬರಿದಾಗಿ, ಮಳೆ ಹೊರಗೆ ಬಿಡದಿದ್ದಾಗ ಇದೇ ಭರಣಿ, ಮಣ್ಣು ಮೆತ್ತಿಟ್ಟ ಹಲಸಿನ ಬೀಜ, ತಗಟೆ ಸೊಪ್ಪು, ಕೆಸುವಿನ ಎಲೆಗಳು ಮನೆ ಮಂದಿಯನ್ನು ಸಾಕಿದ್ದವೆಂದು ಅಮ್ಮ ಕೆಲಸದ ನಡುವೆ ಹೇಳುತ್ತಿದ್ದರು. ಕಳೆದ ಭಾನುವಾರ ಭರಣಿ ತೆರೆದೆವು. ಸೊಳೆಗಳನ್ನು ರಾತ್ರಿಯಿಡೀ ನೀರಲ್ಲಿ ಬಿಟ್ಟು, ಮೂರು ಸಲ ಹಿಂಡಿ ಉಪ್ಪು ತೆಗೆದು, ಒಗ್ಗರಣೆಗೆ ಬೆಳ್ಳುಳ್ಳಿ ಜಜ್ಜಿ ಹಾಕಿ ಪಲ್ಯ ಮಾಡಿದೆ. ಆ ದಿನ ಲೆಕ್ಕದ ಪುಸ್ತಕದಲ್ಲಿ ತರಕಾರಿಯ ಸಾಲು ಖಾಲಿಯಿತ್ತು, ‘ಚೆಲ್ಲಿದ್ದು’ ಎಂಬ ಸಾಲೂ ಖಾಲಿಯಿತ್ತು.