ಹಳೆಯ ಸ್ಪೋರ್ಟ್ಸ್ ಕಾರು ಆಮದು: ಮುಂಗಡ ಕೊಡುವ ಮೊದಲು ತಯಾರಿಕೆಯ ತಿಂಗಳನ್ನು ಖಚಿತಪಡಿಸಿಕೊಳ್ಳಿ

ಅಮೆರಿಕದಲ್ಲಿ 25 ವರ್ಷ, ಕೆನಡಾದಲ್ಲಿ 15 ವರ್ಷ ತುಂಬಿದ ಕಾರುಗಳಿಗೆ ಸುರಕ್ಷತಾ ಮಾನದಂಡಗಳಿಂದ ವಿನಾಯಿತಿ ಇದೆಯಾದರೂ, ಈ ಅವಧಿಯನ್ನು ಎಣಿಸುವುದು ಕಾರು ತಯಾರಾದ ದಿನಾಂಕದಿಂದಲೇ ಹೊರತು ಮಾದರಿಯ ವರ್ಷದಿಂದಲ್ಲ. ಹೀಗಾಗಿ ಮಾರುವವರು ‘2002ರ ಮಾದರಿ’ ಎಂದರೆ ಅಷ್ಟಕ್ಕೇ ತೃಪ್ತರಾಗಬೇಡಿ; ಅಂಥ ಕಾರು 2001ರ ಕೊನೆಯಲ್ಲಿಯೂ ತಯಾರಾಗಿರಬಹುದು, 2002ರ ಮಧ್ಯದಲ್ಲಿಯೂ ತಯಾರಾಗಿರಬಹುದು, ಮತ್ತು ಅವಧಿ ತುಂಬುವುದಕ್ಕೆ ಕೆಲವೇ ವಾರ ಮೊದಲು ಬಂದಿಳಿದ ಕಾರನ್ನೂ ಬಂದರಿನಲ್ಲೇ ತಡೆಹಿಡಿಯಬಹುದು.

ಹದಿನೇಳು ಅಕ್ಷರಗಳ ವಾಹನ ಗುರುತಿನ ಸಂಖ್ಯೆ ಇದ್ದರೆ, ಅಮೆರಿಕದ ಮಾರುಕಟ್ಟೆಯ ಕಾರುಗಳಲ್ಲಿ ಅದರ ಹತ್ತನೆಯ ಅಕ್ಷರ ಮಾದರಿಯ ವರ್ಷವನ್ನಷ್ಟೇ ಹೇಳುತ್ತದೆ, ತಿಂಗಳನ್ನು ಹೇಳುವುದಿಲ್ಲ. ಜಪಾನಿನ ಒಳ ಮಾರುಕಟ್ಟೆಯ ಕಾರುಗಳಲ್ಲಿ ಸಾಮಾನ್ಯವಾಗಿ ಇದಕ್ಕಿಂತ ಚಿಕ್ಕದಾದ ಚಾಸಿ ಸಂಖ್ಯೆ ಇರುತ್ತದೆ. ಅಲ್ಲಿನ ರಫ್ತು ದಾಖಲೆಯಲ್ಲಿ ಕಾಣುವುದು ಮೊದಲ ನೋಂದಣಿಯ ತಿಂಗಳು, ತಯಾರಿಕೆಯದ್ದಲ್ಲ.

ತಯಾರಕರಿಂದಲೇ ಚಾಸಿ ಸಂಖ್ಯೆಯ ಆಧಾರದ ಮೇಲೆ ಬರುವ ಲಿಖಿತ ದೃಢೀಕರಣವನ್ನೇ ನಾನು ಎಲ್ಲಕ್ಕಿಂತ ಹೆಚ್ಚು ನಂಬುತ್ತೇನೆ. ಅದರ ಜೊತೆಗೆ ಬಾಗಿಲ ಚೌಕಟ್ಟಿನ ಫಲಕ, ಸೀಟ್ ಬೆಲ್ಟಿನ ಬುಡದಲ್ಲಿ ಹೊಲಿದ ಚೀಟಿ, ಗಾಜಿನ ಮೂಲೆಯ ಗುರುತು ಇವುಗಳ ಸ್ಪಷ್ಟ ಚಿತ್ರಗಳನ್ನು ತರಿಸಿಕೊಳ್ಳಿ. ಬಿಡಿಭಾಗಗಳು ಕಾರಿಗಿಂತ ಮೊದಲೇ ತಯಾರಾಗುವುದರಿಂದ, ಬೆಲ್ಟಿನ ದಿನಾಂಕ ಮಾರುವವರು ಹೇಳಿದ ತಿಂಗಳಿಗಿಂತ ಈಚಿನದಾಗಿದ್ದರೆ ಒಂದೋ ಬೆಲ್ಟು ಬದಲಾಗಿದೆ, ಇಲ್ಲವೇ ಹೇಳಿಕೆ ತಪ್ಪಾಗಿದೆ. ಎರಡರಲ್ಲಿ ಯಾವುದೆಂದು ತಿಳಿಯುವವರೆಗೆ ದಯವಿಟ್ಟು ಹಣ ಕಳಿಸಬೇಡಿ.