ಅರವತ್ತರ ನಂತರ ನಾನು ಹಲ್ಲಿನ ಬುಡ ನೋಡಿಕೊಳ್ಳುವ ರೀತಿ

ವಯಸ್ಸಾದ ಮೇಲೆ ಹಲ್ಲು ಬೀಳಲೇಬೇಕು ಅಂತ ತುಂಬಾ ಜನ ನಂಬಿದ್ದಾರೆ. ಹಾಗೇನೂ ಇಲ್ಲ. ಹಲ್ಲು ಹೋಗುವುದು ಹೆಚ್ಚಾಗಿ ಒಸಡಿನ ರೋಗದಿಂದ, ಇಲ್ಲವೇ ಹುಳುಕಿನಿಂದ. ಎರಡನ್ನೂ ಬಹುಮಟ್ಟಿಗೆ ತಡೆಯಬಹುದು. ಆದರೆ ಇಪ್ಪತ್ತರಲ್ಲಿ ಉಜ್ಜುತ್ತಿದ್ದ ಹಾಗೇ ಅರವತ್ತರಲ್ಲೂ ಉಜ್ಜಿದರೆ ಸಾಲದು. ಅಷ್ಟು ಹೊತ್ತಿಗೆ ಬಾಯಿಯೇ ಬದಲಾಗಿರುತ್ತದೆ.

ಮೊದಲನೆಯದು ಒಸಡು. ವರ್ಷ ಕಳೆದಂತೆ ನನ್ನ ಒಸಡು ಸ್ವಲ್ಪ ಸ್ವಲ್ಪವೇ ಹಿಂದೆ ಸರಿದಿದೆ. ಹಲ್ಲಿನ ಬೇರು ಅಲ್ಲಲ್ಲಿ ಹಳದಿಯಾಗಿ ಕಾಣುತ್ತದೆ. ಹಲ್ಲಿನ ಮೇಲ್ಭಾಗಕ್ಕೆ ಎನಾಮಲ್ ಹೊದಿಕೆ ಇರುತ್ತದೆ. ನಮ್ಮ ಇಡೀ ದೇಹದಲ್ಲಿ ಅದಕ್ಕಿಂತ ಗಟ್ಟಿಯಾದದ್ದು ಬೇರೆ ಇಲ್ಲ. ಬೇರಿಗೆ ಆ ಹೊದಿಕೆ ಇಲ್ಲ. ಹುಳಿಯನ್ನು ಅಳೆಯುವ ಲೆಕ್ಕಕ್ಕೆ ಪಿಎಚ್ ಅನ್ನುತ್ತಾರೆ, ಅದು ಇಳಿದಷ್ಟೂ ಹುಳಿ ಜಾಸ್ತಿ. ಬಾಯಿಯೊಳಗಿನ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮಲ್ ಕರಗಲು ಶುರುವಾಗುತ್ತದೆ. ಬೇರು ಕರಗಲು ಅಷ್ಟು ಹುಳಿಯೂ ಬೇಕಿಲ್ಲ, ಪಿಎಚ್ 6ಕ್ಕಿಂತ ಮೇಲಿರುವಾಗಲೇ ಸವೆಯತೊಡಗುತ್ತದೆ. ಅದಕ್ಕೇ ಈ ವಯಸ್ಸಿನ ಹುಳುಕು ಜಾಸ್ತಿ ಬುಡದಲ್ಲೇ ಕಾಣಿಸುವುದು.

ಇನ್ನೊಂದು ವಿಷಯ ಕೇಳಿ ನನಗೆ ನಿಜವಾಗಿಯೂ ಭಯವಾಯಿತು. ಹಲ್ಲಿನೊಳಗೆ ನರ ಇರುವ ಜಾಗ ವಯಸ್ಸಾದಂತೆ ಕಿರಿದಾಗುತ್ತಾ ಬರುತ್ತದೆ. ಹಾಗಾಗಿ ಹುಳುಕು ಸಾಕಷ್ಟು ಒಳಗೆ ಹೋದರೂ ನೋವೇ ಗೊತ್ತಾಗದಿರಬಹುದು. ನೋವು ಬಂದ ಮೇಲೆ ನೋಡೋಣ ಅನ್ನುವ ಲೆಕ್ಕಾಚಾರ ಇಲ್ಲಿ ನಡೆಯುವುದಿಲ್ಲ.

ಹಾಗಾಗಿ ನನ್ನ ಗಮನವೆಲ್ಲ ಈಗ ಹಲ್ಲು ಮತ್ತು ಒಸಡು ಸೇರುವ ಗೆರೆಯ ಮೇಲೆ. ಮೆತ್ತನೆಯ ಎಳೆಗಳ ಬ್ರಷ್ ತಗೊಳ್ಳುತ್ತೇನೆ. ಅದನ್ನು ನೇರವಾಗಿ ಒತ್ತದೆ, ಎಳೆಗಳು ಒಸಡಿನ ಕಡೆ ಮುಖ ಮಾಡುವ ಹಾಗೆ ಸುಮಾರು 45 ಡಿಗ್ರಿ ಓರೆಯಾಗಿ ಹಿಡಿಯುತ್ತೇನೆ. ಅಲ್ಲೇ ಸಣ್ಣಗೆ ಅಲುಗಿಸುತ್ತೇನೆ. ಎರಡು ಹಲ್ಲು ಆಯಿತು ಅಂದರೆ ಮುಂದಿನೆರಡಕ್ಕೆ. ಜೋರಾಗಿ ಅಡ್ಡಡ್ಡ ಉಜ್ಜಿದರೆ ಒಸಡು ಇನ್ನಷ್ಟು ಸರಿಯುತ್ತದೆ, ಬೇರು ಸವೆಯುತ್ತದೆ. ಬ್ರಷ್ಷನ್ನು ಮುಷ್ಟಿಯಲ್ಲಿ ಹಿಡಿಯದೆ ಬೆರಳ ತುದಿಯಲ್ಲಿ ಹಿಡಿದರೆ ಒತ್ತಡ ತಾನಾಗಿಯೇ ಕಡಿಮೆಯಾಗುತ್ತದೆ. ಕೈಗಂಟು ನೋವಿರುವವರಿಗೆ ಮಾತ್ರ ಇದು ಕಷ್ಟ. ಅಂಥವರಿಗೆ ದಪ್ಪ ಹಿಡಿಯ ಬ್ರಷ್ ಅಥವಾ ಎಲೆಕ್ಟ್ರಿಕ್ ಬ್ರಷ್ ಒಳ್ಳೆಯದು.

ಒಸಡು ಸರಿದ ಮೇಲೆ ಹಲ್ಲುಗಳ ನಡುವೆ ಸಂದಿ ದೊಡ್ಡದಾಗುತ್ತದೆ ಅಲ್ವಾ? ಅಲ್ಲಿಗೆ ಮಾಮೂಲಿ ಬ್ರಷ್ ಹೋಗುವುದೇ ಇಲ್ಲ. ಸಂದಿಗೆ ಹಾಕುವ ಪುಟ್ಟ ಬ್ರಷ್ ಬೇರೆಯೇ ಸಿಗುತ್ತದೆ. ತೆಳುವಾದ ತಂತಿಯ ಸುತ್ತ ಎಳೆಗಳಿರುತ್ತವೆ. ರಾತ್ರಿ ಕನ್ನಡಿ ಮುಂದೆ ನಿಂತು ಒಂದೊಂದೇ ಸಂದಿಗೆ ಹಾಕಿ ಮೆಲ್ಲಗೆ ಹಿಂದೆ ಮುಂದೆ ಆಡಿಸುತ್ತೇನೆ. ಹೊರಗೆ ತೆಗೆದಾಗ ಎಳೆಗಳಿಗೆ ಬಿಳಿ ಹಳದಿ ಲೋಳೆ ಅಂಟಿರುತ್ತದೆ. ಅದೇ ಪ್ಲಾಕ್, ಅಂದರೆ ಬ್ಯಾಕ್ಟೀರಿಯಾಗಳ ಪದರ. ಅಲ್ಲೇ ಬಿಟ್ಟರೆ ಗಟ್ಟಿಯಾಗಿ ಗಾರೆ ಕಟ್ಟುತ್ತದೆ. ಆಮೇಲೆ ಎಷ್ಟು ಉಜ್ಜಿದರೂ ಹೋಗಲ್ಲ, ಡಾಕ್ಟರೇ ಸ್ಕೇಲಿಂಗ್ ಮಾಡಬೇಕು. ನನ್ನ ದವಡೆ ಹಲ್ಲಿನ ಸಂದಿಗೆ ದೊಡ್ಡ ಸೈಜಿನದು, ಮುಂದಿನ ಹಲ್ಲಿಗೆ ಸಣ್ಣದು. ಯಾವ ಸಂದಿಗೆ ಯಾವುದು ಅಂತ ಡಾಕ್ಟರೇ ಹಾಕಿ ತೋರಿಸಿಕೊಟ್ಟರು. ಬಲವಂತವಾಗಿ ತುರುಕಬಾರದು. ಹೋಗದ ಕಡೆ ಫ್ಲಾಸ್ ದಾರ ಸಾಕು.

ಶುರುವಿನಲ್ಲಿ ರಕ್ತ ಬಂತು. ರಕ್ತ ಕಂಡ ಕೂಡಲೇ ಆ ಜಾಗ ಮುಟ್ಟುವುದನ್ನೇ ಬಿಡುವವರಿದ್ದಾರೆ. ಆಗ ಕೊಳೆ ಇನ್ನೂ ಜಾಸ್ತಿಯಾಗಿ ಒಸಡು ಇನ್ನೂ ಊದಿಕೊಳ್ಳುತ್ತದೆ. ನಾನು ಬಿಡದೆ ಮೆಲ್ಲಗೆ ಮಾಡುತ್ತಾ ಹೋದೆ, ಒಂದೆರಡು ವಾರದಲ್ಲಿ ನಿಂತಿತು. ನಿಲ್ಲದಿದ್ದರೆ ಡಾಕ್ಟರಿಗೆ ತೋರಿಸಲೇಬೇಕು. ಸಿಗರೇಟು ಸೇದುವವರು ರಕ್ತ ಬರಲ್ಲ ಅಂತ ಸಮಾಧಾನಪಟ್ಟುಕೊಳ್ಳುವ ಹಾಗಿಲ್ಲ. ಹೊಗೆ ಒಸಡಿನ ರಕ್ತಸ್ರಾವವನ್ನು ಕಡಿಮೆ ಮಾಡುತ್ತದೆ, ಹಾಗಾಗಿ ಒಳಗೊಳಗೇ ಕೆಟ್ಟಿದ್ದರೂ ಗೊತ್ತಾಗುವುದಿಲ್ಲ. ಸಕ್ಕರೆ ಕಾಯಿಲೆ ಇದ್ದರೂ ಅಷ್ಟೇ, ಎಚ್ಚರ ಜಾಸ್ತಿ ಬೇಕು. ಸಕ್ಕರೆ ಹತೋಟಿಯಲ್ಲಿ ಇಲ್ಲದಿದ್ದರೆ ಒಸಡು ಬೇಗ ಹಾಳಾಗುತ್ತದೆ, ಒಸಡು ಹಾಳಾಗಿದ್ದರೆ ಸಕ್ಕರೆ ಹತೋಟಿಗೆ ಬರುವುದೂ ಕಷ್ಟ.

ಪೇಸ್ಟ್ ಯಾವುದಾದರೂ ಸರಿ, ಹುಳುಕು ತಡೆಯುವ ಫ್ಲೋರೈಡ್ ಇರಬೇಕು, 1,000ದಿಂದ 1,500 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ ಇಷ್ಟು ಭಾಗ ಅನ್ನುವ ಅಳತೆ) ಒಳಗೆ. ಡಬ್ಬಿಯ ಮೇಲೆ ಬರೆದಿರುತ್ತದೆ. ಬೇರಿನ ಹುಳುಕು ಜಾಸ್ತಿ ಇರುವವರಿಗೆ 5,000 ಪಿಪಿಎಂ ಪೇಸ್ಟನ್ನು ಡಾಕ್ಟರು ಬರೆದುಕೊಡುವುದುಂಟು. ಉಜ್ಜಿದ ಮೇಲೆ ನೊರೆ ಉಗುಳಿ ಸುಮ್ನೆ ಬಿಟ್ಟುಬಿಡುತ್ತೇನೆ, ನೀರು ಹಾಕಿ ಮುಕ್ಕಳಿಸುವುದಿಲ್ಲ. ಮುಕ್ಕಳಿಸಿದರೆ ಫ್ಲೋರೈಡೂ ತೊಳೆದು ಹೋಗುತ್ತದೆ. ರಾತ್ರಿ ಮಲಗುವ ಮುಂಚೆ ಇದು ಇನ್ನೂ ಮುಖ್ಯ, ಏಕೆಂದರೆ ನಿದ್ದೆಯಲ್ಲಿ ಜೊಲ್ಲು ತುಂಬಾ ಕಡಿಮೆಯಾಗುತ್ತದೆ.

ಈ ಜೊಲ್ಲಿನ ವಿಷಯವನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ ಅನ್ನುವುದೇ ನನ್ನ ಬೇಸರ. ಬಾಯಿಯ ಹುಳಿಯನ್ನು ತಗ್ಗಿಸುವುದು ಅದೇ, ಹಲ್ಲಿಗೆ ಕ್ಯಾಲ್ಸಿಯಂ ಮರಳಿ ಕೊಡುವುದೂ ಅದೇ. ಬಿಪಿ, ಅಲರ್ಜಿ, ಖಿನ್ನತೆಗೆ ಕೊಡುವ ಎಷ್ಟೋ ಮಾತ್ರೆಗಳು ಬಾಯಿ ಒಣಗಿಸುತ್ತವೆ. ನನಗೆ ಬಿಪಿ ಮಾತ್ರೆ ಶುರುವಾದ ಮೇಲೆ ಬೆಳಿಗ್ಗೆ ಏಳುವಾಗ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿರುತ್ತಿತ್ತು. ಮಾತ್ರೆಯನ್ನು ನಾನಾಗಿ ನಿಲ್ಲಿಸಲಿಲ್ಲ. ಡಾಕ್ಟರ ಹತ್ತಿರ ಹೇಳಿದೆ. ಅವರು ಮಾತ್ರೆ ತಗೊಳ್ಳುವ ಹೊತ್ತು ಬದಲಿಸಿದರು, ಸ್ವಲ್ಪ ಹಗುರವಾಯಿತು. ಈಗ ನೀರನ್ನು ಆಗಾಗ ಗುಟುಕರಿಸುತ್ತೇನೆ. ಸಕ್ಕರೆ ಇಲ್ಲದ ಚ್ಯೂಯಿಂಗ್ ಗಮ್ ಜಗಿದರೂ ಜೊಲ್ಲು ಊರುತ್ತದೆ. ಆಲ್ಕೋಹಾಲ್ ಇರುವ ಮೌತ್‌ವಾಶ್ ಮಾತ್ರ ನನ್ನ ಮನೆಯಲ್ಲಿಲ್ಲ, ಅದು ಒಣಗಿದ ಬಾಯಿಯನ್ನು ಇನ್ನಷ್ಟು ಕೆಣಕುತ್ತದೆ. ಬಾಯಿ ಒಣಗಿತು ಅಂತ ಸಿಹಿ ಮಿಠಾಯಿ ಚೀಪುವುದಂತೂ ಬೇಡವೇ ಬೇಡ.

ಅಮ್ಮನಿಗೆ ಹಲ್ಲಿನ ಸೆಟ್ ಇದೆ. ಅದನ್ನು ತೊಳೆಯುವ ಕೆಲಸ ನನ್ನದು. ಕೆಳಗೆ ನೀರು ತುಂಬಿದ ಪಾತ್ರೆ ಇಟ್ಟುಕೊಂಡು ತೊಳೆಯುತ್ತೇನೆ, ಕೈಜಾರಿ ಬಿದ್ದರೂ ಒಡೆಯುವುದಿಲ್ಲ. ಮೆತ್ತನೆಯ ಬ್ರಷ್, ಸ್ವಲ್ಪ ಸೋಪು ಸಾಕು. ಪೇಸ್ಟ್ ಹಾಕಿದರೆ ಗೀರು ಬೀಳುತ್ತದೆ, ಬಿಸಿ ನೀರಿಗೆ ಆಕಾರ ಕೆಡುತ್ತದೆ. ರಾತ್ರಿ ಬಾಯಿಂದ ತೆಗೆದು ನೀರಲ್ಲಿ ಹಾಕಿಡುತ್ತೇವೆ. ಹಾಕಿಕೊಂಡೇ ಮಲಗಿದರೆ ಅಂಗುಳದಲ್ಲಿ ಫಂಗಸ್ ಬೆಳೆಯುವ ಅಪಾಯ ಜಾಸ್ತಿ. ಅಮ್ಮನ ಹಲ್ಲಿಲ್ಲದ ಒಸಡು, ನಾಲಿಗೆಯನ್ನೂ ಮೆತ್ತನೆಯ ಒದ್ದೆ ಬಟ್ಟೆಯಿಂದ ಒರೆಸುತ್ತೇನೆ.

ಹಲ್ಲಿನ ಡಾಕ್ಟರ ಹತ್ತಿರ ಹೋಗುವಾಗ ನಾವು ತಿನ್ನುವ ಮಾತ್ರೆಗಳ ಪಟ್ಟಿ ಕೈಯಲ್ಲಿರುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ, ಮೂಳೆ ಸವೆತಕ್ಕೆ ಕೊಡುವ ಕೆಲವು ಔಷಧಿ ಇವನ್ನು ಹಲ್ಲು ಕೀಳಿಸುವ ಮುಂಚೆ ಹೇಳಲೇಬೇಕು. ಆ ಮೂಳೆಯ ಔಷಧಿಗಳಿಂದ ಅಪರೂಪಕ್ಕೆ ಹಲ್ಲು ಕಿತ್ತ ಜಾಗದ ದವಡೆ ಮೂಳೆ ಮಾಯದೆ ಉಳಿದುಬಿಡುತ್ತದೆ.

ಆಗಾಗ ಒಳ್ಳೆ ಬೆಳಕಲ್ಲಿ ನಾಲಿಗೆ ಎತ್ತಿ, ಕೆನ್ನೆ ಹೊರಳಿಸಿ ನೋಡಿಕೊಳ್ಳುತ್ತೇನೆ, ಅಮ್ಮನ ಬಾಯಿಯನ್ನೂ ನೋಡುತ್ತೇನೆ. ಹೊಸ ಗಂಟು, ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರ ಕಳೆದರೂ ಮಾಯದ ಹುಣ್ಣು ಇದ್ದರೆ ನೋವಿಲ್ಲದಿದ್ದರೂ ಆ ವಾರವೇ ತೋರಿಸಿಕೊಂಡು ಬರುವುದು.