ಶಾಲೆಯ ಕಚೇರಿ ನವೀಕರಣ: ಕೌಂಟರಿನ ಆಚೆ ಬದಿಯಿಂದ ಶುರು ಮಾಡಿ

ಎದೆಮಟ್ಟದ ಕಿಟಕಿ, ಅದರ ಗ್ರಿಲ್ಲಿನಲ್ಲಿ ಅಂಗೈಯಗಲದ ಕಿಂಡಿ. ಹೊರಗೆ ಒಬ್ಬ ಹುಡುಗಿ ತುದಿಗಾಲಲ್ಲಿ ನಿಂತು ಅರ್ಜಿಯನ್ನು ಒಳಗೆ ತೂರಿಸುತ್ತಿದ್ದಾಳೆ. ಒಳಗೆ ಕುಳಿತ ಗುಮಾಸ್ತರಿಗೆ ಕಾಣುವುದು ಅವಳ ಬೆರಳುಗಳು ಮಾತ್ರ. ಶಾಲೆಯ ಆಡಳಿತ ಕಟ್ಟಡವನ್ನು ಹೊಸದಾಗಿಸಲು ಹೊರಟವರು ಫಾಲ್ಸ್ ಸೀಲಿಂಗ್, ಬಣ್ಣಗಳ ಮಾತು ಬದಿಗಿಟ್ಟು ಮೊದಲು ಈ ಕಿಂಡಿಯನ್ನು ನೋಡಬೇಕು.

ಒಂದು ವಾರ ಸುಮ್ಮನೆ ಗಮನಿಸಿ

ವರ್ಗಾವಣೆ ಪತ್ರ ಕೇಳಲು ಬಂದವರು ಎಷ್ಟು ಬಾಗಿಲು ದಾಟುತ್ತಾರೆ? ಶುಲ್ಕ ಕಟ್ಟುವವರ ಸಾಲು ಎಲ್ಲಿಗೆ ಬಂದು ನಿಲ್ಲುತ್ತದೆ? ಕಟ್ಟಡದ ನಕ್ಷೆಯ ಮೇಲೆ ಈ ಓಡಾಟವನ್ನೆಲ್ಲ ಪೆನ್ಸಿಲಿನಲ್ಲಿ ಗೀಚಿ. ಗೆರೆಗಳು ಎಲ್ಲಿ ಸಿಕ್ಕುಸಿಕ್ಕಾಗಿವೆಯೋ ಅಲ್ಲಿ ಗೋಡೆಯೋ ಮೇಜೋ ತಪ್ಪು ಜಾಗದಲ್ಲಿದೆ ಎಂದರ್ಥ.

ನೀರು, ವೈರಿಂಗ್

ಗೋಡೆಯ ಮೇಲೆ ಬಿಳಿ ಉಪ್ಪು ಮೂಡಿದ್ದರೆ ಒಳಗೆ ತೇವವಿದೆ. ಮೂಲ ತಾರಸಿಯೋ ಪೈಪೋ ಶೌಚಾಲಯದ ಗೋಡೆಯೋ ಹುಡುಕಿ ಸರಿಪಡಿಸಿ, ಗೋಡೆ ಒಣಗುವವರೆಗೆ ಕಾಯಿರಿ. ದಪ್ಪ ಗೋಡೆಯಾದರೆ ತಿಂಗಳುಗಳೇ ಹಿಡಿದೀತು. ಕಾಯದೆ ಪ್ಯಾನೆಲ್ ಹೊಡೆಸಿದರೆ ಅದರ ಹಿಂದೆ ಬೂಷ್ಟು ಬೆಳೆಯುತ್ತದೆ, ಮತ್ತೆ ಎಲ್ಲ ಕಿತ್ತು ಹಾಕಬೇಕಾಗುತ್ತದೆ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಪರೀಕ್ಷಿಸದೆ ಒಣ ಉಜ್ಜುವಿಕೆ ಬೇಡ. ಕಲ್ನಾರಿನ (ಆಸ್ಬೆಸ್ಟಾಸ್) ಶೀಟುಗಳಿದ್ದರೆ ಮುರಿಯಲೂ ಬೇಡಿ, ಕೊರೆಯಲೂ ಬೇಡಿ, ತಜ್ಞರನ್ನೇ ಕರೆಸಿ. ಇಂಥ ಕೆಲಸವನ್ನು ಮಕ್ಕಳಿಲ್ಲದ ರಜೆಯಲ್ಲೇ ಮುಗಿಸಿ. ಕಂಪ್ಯೂಟರು, ಪ್ರಿಂಟರು, ಏಸಿಗಳ ಒಟ್ಟು ಲೋಡ್ ಲೆಕ್ಕ ಹಾಕಿ ವೈರಿಂಗ್ ಹೊಸದಾಗಿ ಎಳೆಸಿ, 30 ಮಿಲಿಆಂಪ್ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ತಕ್ಷಣ ಸಂಪರ್ಕ ಕಡಿಯುವ ಸ್ವಿಚ್) ಹಾಕಿಸುವುದನ್ನು ಮರೆಯಬೇಡಿ.

ಕೌಂಟರ್

ಗ್ರಿಲ್ ತೆಗೆಸಿ. ಕೌಂಟರಿಗೆ ಎರಡು ಎತ್ತರವಿರಲಿ: ನಿಂತು ಮಾತಾಡುವವರಿಗೆ ಸುಮಾರು 1050 ಮಿ.ಮೀ., ಮಕ್ಕಳಿಗೆ ಹಾಗೂ ಗಾಲಿಕುರ್ಚಿಯಲ್ಲಿ ಬರುವವರಿಗೆ 750ರಿಂದ 800 ಮಿ.ಮೀ. ತಗ್ಗಿನ ಭಾಗದ ಕೆಳಗೆ ಮೊಣಕಾಲಿಗೆ ಜಾಗ ಖಾಲಿ ಬಿಡಿ. ಬಾಗಿಲು ತೆರೆದಾಗ 900 ಮಿ.ಮೀ. ದಾರಿ, ಗಾಲಿಕುರ್ಚಿ ತಿರುಗಲು 1500 ಮಿ.ಮೀ. ವೃತ್ತ, ರ‍್ಯಾಂಪಿಗೆ 1:12ಕ್ಕಿಂತ (ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ) ಕಡಿದಲ್ಲದ ಇಳಿಜಾರು ಬೇಕು. ಬಡಗಿಗೆ ಹೇಳುವ ಮೊದಲು ರಟ್ಟಿನ ಪೆಟ್ಟಿಗೆಗಳನ್ನು ಜೋಡಿಸಿ ಕೌಂಟರಿನ ಮಾದರಿ ಮಾಡಿಕೊಳ್ಳಿ. ಒಂದನೇ ತರಗತಿಯ ಮಗುವನ್ನೂ ಒಬ್ಬ ಅಜ್ಜಿಯನ್ನೂ ಅದರ ಮುಂದೆ ನಿಲ್ಲಿಸಿ. ಮಗುವಿನ ಕಣ್ಣು ಗುಮಾಸ್ತರ ಕಣ್ಣಿಗೆ ಸಿಗುವವರೆಗೆ ಪೆಟ್ಟಿಗೆ ಇಳಿಸುತ್ತಾ ಹೋಗಿ. ಅರ್ಧ ಗಂಟೆಯ ಈ ಕೆಲಸ ಯಾವ ತ್ರೀಡಿ ಚಿತ್ರಕ್ಕಿಂತಲೂ ಹೆಚ್ಚು ಹೇಳಿಕೊಡುತ್ತದೆ.

ಶುಲ್ಕ ಬಾಕಿ, ಮನೆಯ ಕಷ್ಟ, ಮಗುವಿನ ಕಾಯಿಲೆ, ಇವೆಲ್ಲ ಸಾಲಿನಲ್ಲಿ ನಿಂತು ಹೇಳುವ ಮಾತಲ್ಲ. ನಾಲ್ಕು ಕುರ್ಚಿ ಹಿಡಿಸುವ ಒಂದು ಪುಟ್ಟ ಕೊಠಡಿ ಮಾಡಿಸಿ. ಮಾತು ಹೊರಗೆ ಕೇಳದಿರಲಿ, ಆದರೆ ಬಾಗಿಲಲ್ಲಿ ಗಾಜಿನ ಪಟ್ಟಿ ಇರಲಿ. ಮಗುವಿನ ಸುರಕ್ಷೆಗೂ ದೊಡ್ಡವರ ನಿಶ್ಚಿಂತೆಗೂ ಅದು ಬೇಕು.

ದಾಖಲೆ, ಬೆಳಕು, ಸದ್ದು

ದಾಖಲಾತಿ ರಿಜಿಸ್ಟರು ಒಬ್ಬೊಬ್ಬರ ಬದುಕಿನ ಸಾಕ್ಷಿ. ಅದನ್ನಿಡುವ ಕೊಠಡಿಯ ಮೇಲೆ ನೀರಿನ ಪೈಪು ಹಾಯಬಾರದು, ಕೆಳಗಿನ ಕಪಾಟು ನೆಲದಿಂದ ಗೇಣೆತ್ತರದಲ್ಲಾದರೂ ಇರಬೇಕು. ಹಳಿಯ ಮೇಲೆ ಸರಿಯುವ ಕಂಪ್ಯಾಕ್ಟರ್ ಕಪಾಟುಗಳು ಜಾಗ ಉಳಿಸುತ್ತವೆ ನಿಜ, ಆದರೆ ಕಾಗದ ತುಂಬಿದರೆ ವಿಪರೀತ ಭಾರ. ಮಹಡಿಯಲ್ಲಿ ಇಡುವುದಾದರೆ ಸ್ಟ್ರಕ್ಚರಲ್ ಎಂಜಿನಿಯರ್ ಒಪ್ಪದೆ ಮುಂದುವರಿಯಬೇಡಿ.

ಬರೆಯುವ ಮೇಜಿನ ಮೇಲೆ 500 ಲಕ್ಸ್ (ಬೆಳಕಿನ ಅಳತೆ), ಓಡಾಡುವ ಜಾಗದಲ್ಲಿ 100 ಲಕ್ಸ್ ಬೆಳಕು ಸಾಕು; ತೀರಾ ಹಳದಿಯೂ ತೀರಾ ನೀಲಿಯೂ ಅಲ್ಲದ 4000 ಕೆಲ್ವಿನ್ ಎಲ್‌ಇಡಿ ಕಣ್ಣಿಗೆ ಹಿತ. ಮಾನಿಟರನ್ನು ಕಿಟಕಿಗೆ ಅಡ್ಡವಾಗಿಡಿ, ಎದುರಾಗಿಯೂ ಬೇಡ, ಬೆನ್ನಾಗಿಯೂ ಬೇಡ. ಗಾಜು, ಟೈಲ್ಸ್ ಹೆಚ್ಚಾದಷ್ಟೂ ಸದ್ದು ಮೊಳಗುತ್ತದೆ. ಚಾವಣಿಗೆ ಸದ್ದು ಹೀರುವ ಪ್ಯಾನೆಲ್ ಹಾಕಿಸಿ, ಅದಕ್ಕಾಗಿ ಹಳೆಯ ವೆಂಟಿಲೇಟರುಗಳನ್ನು ಮಾತ್ರ ಮುಚ್ಚಿಸಬೇಡಿ.

ಬಣ್ಣದ ವಿಷಯದಲ್ಲಿ ನನ್ನದು ಒಂದೇ ಸಲಹೆ. ಗೋಡೆಗಳು ತಿಳಿಯಾಗಿರಲಿ, ಪ್ರತಿ ವಿಭಾಗದ ಬಾಗಿಲಿಗೆ ಬೇರೆ ಬೇರೆ ಗಾಢ ಬಣ್ಣ ಬಳಿಸಿ. ಓದಲು ಬಾರದ ಪೋಷಕರೂ ‘ನೀಲಿ ಬಾಗಿಲು’ ಎಂದರೆ ತಾವಾಗಿ ಹೋಗಿ ತಲುಪುತ್ತಾರೆ.

ಪ್ಯಾನೆಲ್ ಮುಚ್ಚುವ ಮೊದಲು ಗೋಡೆಯೊಳಗಿನ ವೈರು, ಪೈಪುಗಳ ಫೋಟೊ ತೆಗೆದಿಡಿ. ಫೋಟೊ, ವೈರಿಂಗ್ ನಕ್ಷೆ, ಬಣ್ಣಗಳ ಕೋಡ್ ಸಂಖ್ಯೆ ಎಲ್ಲವನ್ನೂ ಒಂದೇ ಫೈಲಿಗೆ ಹಾಕಿ, ದಾಖಲಾತಿ ರಿಜಿಸ್ಟರುಗಳ ಪಕ್ಕದಲ್ಲೇ ಇರಿಸಿ.